ಎಡಗಡೆ ಹೊಳ್ಳೆ

ಮಗು ನಾರುತ್ತಿತ್ತು.

ಮೊದಲು ಹೇಳಿದ್ದು ಶಾಲೆಯವರು. ಆಮೇಲೆ ವಠಾರದವರು. ಕೊನೆಗೆ ಹೆತ್ತ ತಾಯಿಯ ಮೂಗಿಗೂ ಬಡಿಯಿತು. ಗೋಡೆಯ ಸಂದಿಯಲ್ಲಿ ಇಲಿ ಸತ್ತು ನಾಲ್ಕು ದಿನವಾದರೆ ಬರುತ್ತದಲ್ಲ, ಅಂಥ ವಾಸನೆ. ಮಗು ಓಡಿ ಬಂದು ಕೊರಳಿಗೆ ಜೋತುಬಿದ್ದರೆ ಮಾತಿಗಿಂತ ಮೊದಲು ಆ ವಾಸನೆ ಬಂದು ಮುಟ್ಟುತ್ತಿತ್ತು.

ಅದು ಎಲ್ಲಿಂದ ಬರುತ್ತಿದೆ ಎಂದು ಯಾರೂ ಹುಡುಕಲಿಲ್ಲ. ಹುಡುಕಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ. ತಾಯಿ ಬಸ್ ನಿಲ್ದಾಣದ ಕಕ್ಕಸ್ಸು ತೊಳೆಯುವವಳು. ಅಷ್ಟು ಗೊತ್ತಾದ ಮೇಲೆ ಇನ್ನು ಹುಡುಕುವುದೇನಿದೆ?

ನಿಲ್ದಾಣದಲ್ಲಿ ಎಲ್ಲರೂ ಅವಳನ್ನು ಬಕೆಟ್ಟಮ್ಮ ಎನ್ನುತ್ತಿದ್ದರು. ಗಂಡಸರ ಕಡೆ ಎಂಟು, ಹೆಂಗಸರ ಕಡೆ ಆರು, ಒಟ್ಟು ಹದಿನಾಲ್ಕು ಗುಂಡಿ. ಬೆಳಿಗ್ಗೆ ಆರಕ್ಕೆ ಬಗ್ಗಿದರೆ ಮಧ್ಯಾಹ್ನ ಎರಡರವರೆಗೆ ಸೊಂಟ ನೆಟ್ಟಗಾಗುತ್ತಿರಲಿಲ್ಲ. ನೀರು ಎರಚು, ಆಸಿಡ್ ಸುರಿ, ಉಜ್ಜು, ಮತ್ತೆ ಎರಚು. ಕಟ್ಟಿಕೊಂಡಲ್ಲಿ ಕೈ ಹಾಕು. ಕೈಗವಸು ಕೊಟ್ಟಿರಲಿಲ್ಲ ಅಂತಲ್ಲ, ಎರಡು ವರ್ಷದ ಹಿಂದೆ ಒಂದು ಜೊತೆ ಕೊಟ್ಟಿದ್ದರು. ಆಸಿಡ್ಡಿಗೆ ಬೆರಳ ತುದಿಯ ಗೆರೆಗಳೆಲ್ಲ ಅಳಿಸಿ ಹೋಗಿ, ಹಾಜರಿ ಯಂತ್ರ ಅವಳ ಹೆಬ್ಬೆಟ್ಟನ್ನೇ ಗುರುತಿಸುತ್ತಿರಲಿಲ್ಲ.

"ಅದಕ್ಕೂ ನನ್ನ ಮುಟ್ಟೋಕೆ ಅಸಹ್ಯ," ಎಂದು ಅವಳು ನಗುತ್ತಿದ್ದಳು.

ಜನ ಮೂಗು ಮುಚ್ಚಿಕೊಂಡು ಒಳಗೆ ಬರುತ್ತಿದ್ದರು. ಹೋಗುವಾಗ ಅವಳನ್ನು ನೋಡಿ ಮೂಗು ಮುರಿದು ಹೋಗುತ್ತಿದ್ದರು. ಗಲೀಜು ಮಾಡಿದವರು ಅವರು. ನಾರುವವಳು ಮಾತ್ರ ಇವಳು.

ಮನೆ ಎಂದರೆ ಒಂದೇ ಕೋಣೆ. ಅಲ್ಲಿ ಅತ್ತೆ. ಅದೇ ಹದಿನಾಲ್ಕು ಗುಂಡಿಗಳನ್ನು ಮೂವತ್ತು ವರ್ಷ ತೊಳೆದು, ಬೆನ್ನು ಬಾಗಿದ ಮೇಲೆ ಪೊರಕೆಯನ್ನು ಸೊಸೆಯ ಕೈಗೆ ಕೊಟ್ಟವಳು. ಗಂಡ ಲಾರಿಯಲ್ಲಿ ಕ್ಲೀನರ್. ಹೋದನೆಂದರೆ ತಿಂಗಳು. ಮತ್ತೆ ಆರು ವರ್ಷದ ಮಗಳು. ಬಾಯಿಗೆ ಬಿಡುವೇ ಇಲ್ಲದ ಹುಡುಗಿ. ಬಕೆಟ್ಟಿನ ಜೊತೆ ಮಾತು, ಚಪ್ಪಲಿಯ ಜೊತೆ ಮಾತು, ಉತ್ತರ ಕೊಡದಿದ್ದರೆ ಅವುಗಳ ಜೊತೆ ಜಗಳ. ಅಜ್ಜಿ ಅವಳನ್ನು ಚಿನಕುರಳಿ ಎಂದು ಕರೆದಳು, ಆ ಹೆಸರೇ ನಿಂತಿತು.

ಚಿನಕುರಳಿಯನ್ನು ಶಾಲೆಗೆ ಸೇರಿಸಲು ಹೋದ ದಿನ ಹೆಡ್‌ಮೇಷ್ಟ್ರು ಫಾರಂ ಓದುತ್ತಾ, ತಾಯಿಯ ಕೆಲಸ ಎಂದು ಬರೆದಿದ್ದಲ್ಲಿ ಬೆರಳಿಟ್ಟು ನಿಂತರು. ಸೇರಿಸಿಕೊಳ್ಳುವುದಿಲ್ಲ ಎನ್ನುತ್ತಾರೇನೋ ಎಂದು ಬಕೆಟ್ಟಮ್ಮ ಹೆದರಿದಳು. ಆದರೆ ಅವರು ಮುಖ ಅರಳಿಸಿದರು.

"ಒಳ್ಳೇದೇ ಆಯ್ತು. ಸ್ಟಾಫ್ ಕಕ್ಕಸ್ಸು ತೊಳೆಯೋಕೆ ಯಾರೂ ಸಿಗ್ತಿಲ್ಲ. ನಿಮಗೆ ವಾರದ ರಜೆ ಯಾವತ್ತು?"

"ಬುಧವಾರ, ಸಾರ್."

"ಬುಧವಾರ ಬಂದು ಒಂದು ಕೈ ಹಾಕಿ ಹೋಗಿ. ಮಗು ಇಲ್ಲೇ ಓದುತ್ತಲ್ಲ. ನಮ್ಮದೇ ಶಾಲೆ ಅಂದ್ಕೊಳ್ಳಿ."

ಅವಳು ಅಂದುಕೊಂಡಳು. ಮಗಳು ಓದುವುದಕ್ಕೆ ಒಂದು ಗುಂಡಿ ಹೆಚ್ಚಾದರೆ ಏನು ಮಹಾ?

ಮೊದಲ ವಾರ ಚಿನಕುರಳಿ ಎರಡನೇ ಬೆಂಚಿನಲ್ಲಿ ಕೂತಳು. ಎರಡನೇ ವಾರ ಯಾರದೋ ತಂದೆ ಬಂದು ಟೀಚರ್ ಹತ್ತಿರ ಏನೋ ಪಿಸುಗುಟ್ಟಿ ಹೋದರು. ಮರುದಿನ ಟೀಚರ್ ಅವಳ ಚೀಲವನ್ನು ಅಡಿಪಟ್ಟಿಯ ತುದಿಯಿಂದ ಸರಿಸಿ, "ಬೆಂಚು ಸಾಲ್ತಿಲ್ಲ, ಸದ್ಯಕ್ಕೆ ಆಚೆ ಕೂತ್ಕೋ," ಎಂದರು. ಆಚೆ ಎಂದರೆ ಜಗಲಿ. ಬಾಗಿಲ ಬಳಿ ಕೂತರೆ ಓಡಾಡುವವರ ಕಾಲಿಗೆ ಅಡ್ಡ. ಸ್ವಲ್ಪ ಹಿಂದೆ ಸರಿ ಎಂದರು. ಇನ್ನೂ ಸ್ವಲ್ಪ ಎಂದರು. ಹಾಗೆ ಸರಿಯುತ್ತ ಸರಿಯುತ್ತ ಮಗು ಜಗಲಿಯ ತುದಿ ಮುಟ್ಟಿತು. ಅಲ್ಲಿ ಸ್ಟಾಫಿನವರ ಕಕ್ಕಸ್ಸಿನ ಬಾಗಿಲು. ಪಕ್ಕದಲ್ಲಿ ಕಾಲು ಮುರಿದ ಒಂದು ಆಫೀಸು ಕುರ್ಚಿ, ಸೀಟು ಹರಿದು ಹಳದಿ ಸ್ಪಂಜು ಹೊರಗೆ ಬಂದಿತ್ತು. ಕಿಟಕಿಯಿಂದ ಪಾಠ ಕೇಳಿಸುತ್ತಿತ್ತು. ಬೋರ್ಡು ಕಾಣುತ್ತಿರಲಿಲ್ಲ.

ಬುಧವಾರ ಪೊರಕೆ ಹಿಡಿದು ಬಂದ ಬಕೆಟ್ಟಮ್ಮ ಅದನ್ನು ನೋಡಿದಳು. ಏನೂ ಹೇಳಲಿಲ್ಲ. ಹೇಳಿದರೆ ಇದ್ದ ಜಾಗವೂ ಹೋದೀತು ಎಂದು ಹೆದರಿದಳು. ಅವತ್ತು ಆ ಕಕ್ಕಸ್ಸನ್ನು ಮೂರು ಸಲ ತೊಳೆದು ಒಂದು ಬಾಟಲಿ ಫಿನಾಯಿಲು ಪೂರ್ತಿ ಸುರಿದಳು. ಒಂದು ದಿನವಾದರೂ ಮಗು ನೆಟ್ಟಗೆ ಉಸಿರಾಡಲಿ ಎಂದು.

ಎರಡು ತಿಂಗಳು ಕಳೆದ ಮೇಲೆ ವಾಸನೆ ಶುರುವಾಯಿತು.

"ಮಗೂನ ಒಳಗೆ ಕೂರಿಸಿ ಅಂತ ಕೇಳೋಕೆ ಬಂದ್ರಾ?" ಟೀಚರ್ ಕರವಸ್ತ್ರ ಮೂಗಿಗೆ ಒತ್ತಿಕೊಂಡೇ ಬಕೆಟ್ಟಮ್ಮನ ಜೊತೆ ಮಾತಾಡಿದರು. "ನೀವೇ ಹೇಳಿ. ಈ ವಾಸನೇಲಿ ಬೇರೆ ಮಕ್ಕಳು ಹೇಗೆ ಕೂರ್ಬೇಕು? ದಿನಾ ಸ್ನಾನ ಮಾಡಿಸಿ. ನೀವೂ ಕೈಕಾಲು ತೊಳ್ಕೊಂಡು ಮಗೂನ ಮುಟ್ಟಿ. ಇದೆಲ್ಲ ನಾವು ಹೇಳಿಕೊಡ್ಬೇಕಾ?"

ಅವಳಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ತನ್ನ ಕೈಯಿಂದಲೇ ಮಗಳಿಗೆ ಅಂಟಿದೆ ಎಂದು ಆ ಕ್ಷಣ ನಂಬಿಬಿಟ್ಟಳು. ಬೇರೆಯವರು ಅಂದಿದ್ದನ್ನೆಲ್ಲ ತುಟಿ ಕಚ್ಚಿ ನುಂಗಬಹುದಿತ್ತು. ಆದರೆ ತಾನೇ ನಂಬಿದಳಲ್ಲ, ಅದು ಆಮೇಲೆ ಅವಳನ್ನು ಬಹಳ ದಿನ ಸುಟ್ಟಿತು.

ಮಗುವಿನ ಮೂಗು ಸೋರುತ್ತಿತ್ತು. ಯಾವ ಮಗುವಿನ ಮೂಗು ಸೋರುವುದಿಲ್ಲ? ಎಡಗಡೆ ಹೊಳ್ಳೆಯಿಂದ ಹಳದಿ, ಆಮೇಲೆ ಹಸಿರು. ಬಲಗಡೆ ಒಣಗಿಯೇ ಇತ್ತು. ಒರೆಸುವ ಕೈಗೆ ಎಡ ಯಾವುದು, ಬಲ ಯಾವುದು? ರಾತ್ರಿಯೆಲ್ಲ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿತ್ತು. ಶೀತ ಎಂದುಕೊಂಡರು. ಬೀದಿಯ ತುದಿಯ ಕ್ಲಿನಿಕ್ಕಿಗೆ ಹೋದರೆ ಡಾಕ್ಟರು ಮೇಜಿನ ಆಚೆಯಿಂದಲೇ ಕೇಳಿದರು.

"ಏನು ಕೆಲಸ ಮಾಡ್ತೀರಾ?"

ಹೇಳಿದಳು. ಅವರು ಕುರ್ಚಿಯನ್ನು ಸ್ವಲ್ಪ ಹಿಂದೆ ತಳ್ಳಿಕೊಂಡು ಶೀತದ ಸಿರಪ್ ಬರೆದರು. ಚೀಟಿಯನ್ನು ಮೇಜಿನ ಮೇಲಿಂದ ಇತ್ತ ಜಾರಿಸಿದರು.

"ಸ್ವಚ್ಛತೆ ಮುಖ್ಯ," ಎಂದರು.

ಇನ್ನೊಂದು ಕ್ಲಿನಿಕ್ಕಿನಲ್ಲಿ ಬೇರೆ ಬಣ್ಣದ ಸಿರಪ್. ಮಾತು ಅದೇ.

ಅಲ್ಲಿಂದ ತಿಕ್ಕುವುದು ಶುರುವಾಯಿತು. ಬಕೆಟ್ಟಮ್ಮ ಕೆಲಸದಿಂದ ಬಂದವಳೇ ತಾನು ಎರಡು ಸಲ ಸ್ನಾನ ಮಾಡಿ, ಮಗಳನ್ನು ಬಚ್ಚಲಿನ ಮೂಲೆಯಲ್ಲಿ ನಿಲ್ಲಿಸಿ ತಿಕ್ಕುತ್ತಿದ್ದಳು. ಮೈಸೋಪು ಸಾಲದೆ ಬಟ್ಟೆಸೋಪು ಬಂತು. ಕೈ ಸಾಲದೆ ಬ್ರಷ್ಷು ಬಂತು. ನೆಲ ಉಜ್ಜುವ ಬ್ರಷ್ಷು.

"ಅಮ್ಮಾ, ಉರೀತದೆ."

"ತಡ್ಕೋ."

"ಅಮ್ಮಾ, ರಕ್ತ ಬರ್ತದೆ."

"ತಡ್ಕೋ ಅಂದೆನಲ್ಲ! ನಿನ್ನಿಂದ ನಾನು ತಲೆ ಎತ್ತಿ ಓಡಾಡೋ ಹಾಗಿಲ್ಲ."

ಒಂದು ದಿನ ಹೊಡೆದೂಬಿಟ್ಟಳು. ಮಗು ಅಳಲಿಲ್ಲ. ಕೆಂಪಾದ ಮೊಣಕೈಯನ್ನು ಊದಿಕೊಳ್ಳುತ್ತ ನಿಂತಿತು. ಅತ್ತೆ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು.

"ಬಿಡೇ. ಸೋಪಿಗೆ ಹೋಗೋ ವಾಸನೆ ಅಲ್ಲ ಅದು. ನನಗೂ ಹೀಗೇ ಅನ್ನೋರು. ಬಸ್ಸಲ್ಲಿ ನಾನು ಕೂತ್ರೆ ಪಕ್ಕದೋರು ಎದ್ದು ನಿಲ್ಲೋರು. ನಮ್ಮ ರಕ್ತದಲ್ಲೇ ಇಳಿದುಬಿಟ್ಟಿದೆ."

 ಅವತ್ತಿನಿಂದ ಸೊಸೆ ಮಗಳ ಕಡೆ ಬೆನ್ನು ಮಾಡಿ ಮಲಗತೊಡಗಿದಳು. ಮಗು ಮಾತು ಕಡಿಮೆ ಮಾಡಿತು. ಮೊದಲು ಶಾಲೆಯಲ್ಲಿ, ಆಮೇಲೆ ಬೀದಿಯಲ್ಲಿ, ಆಮೇಲೆ ಮನೆಯಲ್ಲಿ. ಬಾಯಿ ತೆರೆದರೆ ಎದುರಿನವರ ಮುಖ ಸಿಂಡರಿಸುತ್ತದೆ ಎಂಬುದು ಅದಕ್ಕೆ ತಿಳಿದಿತ್ತು.

ಹೀಗೇ ಐದು ತಿಂಗಳಾಯಿತು. ಒಂದು ಬುಧವಾರ ಬಕೆಟ್ಟಮ್ಮ ಶಾಲೆಯ ಕಕ್ಕಸ್ಸು ತೊಳೆಯುತ್ತಿದ್ದಾಗ ಆಚೆ ಮಕ್ಕಳು ಕೂಗಿಕೊಂಡರು. ಬಾಗಿಲಿಗೆ ಬಂದು ನೋಡಿದರೆ ಮಗಳ ಮೂಗಿನಿಂದ ರಕ್ತ. ಫ್ರಾಕಿನ ಎದೆಯೆಲ್ಲ ಕೆಂಪು. ಹೆಡ್‌ಮೇಷ್ಟ್ರು ದೂರದಿಂದಲೇ ನೋಡಿದರು.

"ಆಸ್ಪತ್ರೆಗೆ ಕರ್ಕೊಂಡು ಹೋಗಿ. ಅದೇನು ಒಳಗೆ ಅರ್ಧಕ್ಕೆ ಬಿಟ್ಟಿದ್ದೀರಲ್ಲ, ಅದೊಂದು ಮುಗಿಸಿ ಹೋಗಿ. ನೀರೆಲ್ಲ ಹಾಗೇ ನಿಂತಿದೆ."

ಅವಳು ಮುಗಿಸಿದಳು. ಮಗು ಮೂಗಿಗೆ ಬಟ್ಟೆ ಒತ್ತಿಕೊಂಡು ಬಾಗಿಲ ಬಳಿ ನಿಂತಿತ್ತು. ಬಟ್ಟೆ ಒದ್ದೆಯಾಗುತ್ತಿತ್ತು. ಅವಳು ನೀರು ಎರಚಿದಳು, ಉಜ್ಜಿದಳು, ಮತ್ತೆ ಎರಚಿದಳು.

ದೊಡ್ಡಾಸ್ಪತ್ರೆಯಲ್ಲಿ ಕಿವಿ ಮೂಗು ಗಂಟಲಿನ ವಿಭಾಗದ ಮುಂದೆ ಮೂರು ಗಂಟೆ ಸರತಿ. ಬೆಂಚಿನ ಆ ತುದಿಗೆ ಜನ ಒತ್ತೊತ್ತಾಗಿ ಕೂತರು, ಈ ತುದಿಯಲ್ಲಿ ತಾಯಿ ಮಗಳು ಇಬ್ಬರೇ. ಒಳಗಿದ್ದ ಡಾಕ್ಟರಮ್ಮ ಹಣೆಗೆ ದೀಪ ಕಟ್ಟಿಕೊಂಡಿದ್ದರು. ಬೆಳಿಗ್ಗೆಯಿಂದ ಊಟ ಮಾಡಿರಲಿಲ್ಲವೋ ಏನೋ, ಮಾತೆಲ್ಲ ಸಿಡುಕು.

"ಏನು?"

"ವಾಸನೆ, ಡಾಕ್ಟ್ರೇ. ನಮ್ಮ ಕೆಲಸದ್ದು. ದಿನಾ ತೊಳೀತೀನಿ, ಹೋಗ್ತಿಲ್ಲ. ಈಗ ರಕ್ತ ಬೇರೆ."

"ಕೆಲಸ ಯಾರು ಕೇಳಿದ್ರು? ಯಾವ ಮೂಗು ಸೋರ್ತದೆ?"

ಬಕೆಟ್ಟಮ್ಮ ತಬ್ಬಿಬ್ಬಾದಳು. ಅವಳಿಗೆ ಗೊತ್ತಿರಲಿಲ್ಲ. ಮಗುವೇ ಎಡಗಡೆ ಬೆರಳು ತೋರಿಸಿತು.

"ಇದೊಂದೇನಾ?"

ಮಗು ತಲೆಯಾಡಿಸಿತು. ಡಾಕ್ಟರಮ್ಮ ಎದ್ದು ಬಂದರು. ಗಲ್ಲ ಹಿಡಿದು ಮುಖ ಎತ್ತಿದರು. ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದರು. ಅಷ್ಟು ತಿಂಗಳಲ್ಲಿ ಆ ಮಗುವಿನ ಮುಖದ ಹತ್ತಿರ ಹಾಗೆ ಬಗ್ಗಿದವರು ಇನ್ನೊಬ್ಬರಿಲ್ಲ. ಹೆತ್ತವಳೂ ಇಲ್ಲ.

ಮಗುವನ್ನು ದುಪ್ಪಟಿಯಲ್ಲಿ ಬಿಗಿಯಾಗಿ ಸುತ್ತಿದರು. ನರ್ಸಮ್ಮ ತಲೆ ಹಿಡಿದರು, ತಾಯಿ ಕಾಲು ಹಿಡಿದಳು. ಸಣ್ಣದೊಂದು ಕೊಕ್ಕೆ ಒಳಗೆ ಹೋಯಿತು. ಮಗು ಕಿರುಚಿತು. ಎರಡು ನಿಮಿಷವೂ ಹಿಡಿಯಲಿಲ್ಲ. ಕಡಲೆಕಾಳಿನಷ್ಟು ದೊಡ್ಡದೇನೋ, ಕಪ್ಪುಹಸಿರು ಬಣ್ಣದ್ದು, ಲೋಳೆಯ ಸಮೇತ ಬಂದು ತಟ್ಟೆಯಲ್ಲಿ ಬಿತ್ತು. ಕೋಣೆಯೆಲ್ಲ ನಾರಿತು. ನರ್ಸಮ್ಮ ಕಿಟಕಿ ತೆರೆದರು.

ಡಾಕ್ಟರಮ್ಮ ಅದನ್ನು ಕೊಕ್ಕೆಯ ತುದಿಯಿಂದ ಬಿಡಿಸಿ ನೋಡಿದರು. "ಸ್ಪಂಜು."

"ಸ್ಪಂಜಾ?"

"ಒಂದೇ ಹೊಳ್ಳೆ ಸೋರ್ತದೆ, ಹೀಗೆ ನಾರ್ತದೆ ಅಂದ್ರೆ ಮಗು ಏನೋ ಒಳಗೆ ತುರುಕಿಕೊಂಡಿದೆ ಅಂತ ಮೊದಲು ನೋಡ್ಬೇಕು. ಬಟಾಣಿ, ಮಣಿ, ರಬ್ಬರು, ದಿನಾ ಒಂದಾದ್ರೂ ತೆಗೀತೀನಿ. ಒಳಗೆಲ್ಲ ಹುಣ್ಣಾಗಿದೆ. ಇಷ್ಟು ದಿನ ಯಾರಿಗೂ ತೋರಿಸಲೇ ಇಲ್ವಾ?"

"ಇಬ್ಬರಿಗೆ ತೋರಿಸ್ದೆ ಡಾಕ್ಟ್ರೇ. ಯಾರೂ ಬಗ್ಗಿ ನೋಡಲಿಲ್ಲ."

ಡಾಕ್ಟರಮ್ಮ ದುಪ್ಪಟಿ ಬಿಚ್ಚಿದರು. ಮಗುವಿನ ಕೈ ಹಿಡಿದಿದ್ದ ಅವರಿಗೆ ಮೊಣಕೈಯ ಸುಲಿದ ಚರ್ಮ ಕಂಡಿತು. ಬೆರಳಿನಿಂದ ಸವರಿದರು. "ಇದೇನು?"

 ಮಗುವೇ ಹೇಳಿತು. "ಅಮ್ಮ ತೊಳ್ದಿದ್ದು. ನಂದು ವಾಸನೆ ಅಲ್ವಾ."

"ನಿಂದಲ್ಲಮ್ಮ. ಇದರದ್ದು." ಡಾಕ್ಟರಮ್ಮ ತಟ್ಟೆ ತೋರಿಸಿದರು. ಈಗ ಅವರ ದನಿಯಲ್ಲಿ ಸಿಡುಕಿರಲಿಲ್ಲ. "ಇದನ್ನ ಯಾಕೆ ಹಾಕ್ಕೊಂಡೆ?"

ಮಗು ತಾಯಿಯ ಮುಖ ನೋಡಿತು. ಹೊಡೆಯುತ್ತಾಳೋ ಇಲ್ಲವೋ ಎಂದು ನೋಡುವ ನೋಟ.

"ಕಕ್ಕಸ್ಸು ತುಂಬಾ ನಾರ್ತಿತ್ತು. ನನ್ನ ಅಲ್ಲೇ ಕೂರಿಸಿದ್ರಲ್ಲ, ಅದಕ್ಕೆ. ಕುರ್ಚಿ ಸ್ಪಂಜು ಕಿತ್ತು ಎರಡೂ ಕಡೆ ಇಟ್ಕೊಂಡೆ. ಈಚೆದು ಬಂತು. ಆಚೆದು ಬರಲಿಲ್ಲ. ಬೆರಳು ಹಾಕಿದ್ರೆ ಇನ್ನೂ ಒಳಗೆ ಹೋಯ್ತು."

"ಅಮ್ಮನಿಗೆ ಹೇಳ್ಲಿಲ್ವಾ?"

"ಕುರ್ಚಿ ಶಾಲೇದು. ಬೈತಾರೆ ಅಂತ."

 ವಾಸನೆ ಬರುತ್ತದೆ, ಅದಕ್ಕೇ ಮಗುವನ್ನು ಒಳಗೆ ಕೂರಿಸುತ್ತಿಲ್ಲ ಎಂದು ಬಕೆಟ್ಟಮ್ಮ ಇಷ್ಟು ದಿನ ಅಂದುಕೊಂಡಿದ್ದಳು. ಹಾಗಲ್ಲ. ಹೊರಗೆ ಕೂರಿಸಿದರು, ಅದಕ್ಕೇ ವಾಸನೆ ಬಂತು. ತಾನು ವಾರಕ್ಕೊಮ್ಮೆ ತೊಳೆಯುತ್ತಿದ್ದ ಕಕ್ಕಸ್ಸನ್ನು ಅವರು ವಾರವೆಲ್ಲ ಗಲೀಜು ಮಾಡಿದರು. ಅದರ ನಾತ ತಡೆಯಲಾರದೆ ಮಗು ಮೂಗು ಮುಚ್ಚಿಕೊಂಡಿತು. ಆ ಮೂಗನ್ನು ತೋರಿಸಿ ಇದು ನಿಮ್ಮ ನಾತ ಎಂದರು. ತಾನೂ ಹೌದು ಎಂದಳು. ಹೌದು ಎಂದು ಬ್ರಷ್ಷು ಹಿಡಿದಳು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದಳು. ಮುದುಕಿ ಮೊಮ್ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು ತಲೆ ಮೂಸಿದಳು. ಕೊರಳು ಮೂಸಿದಳು. ಉಸಿರು ಮೂಸಿದಳು. ಆಮೇಲೆ ಕೇಳಿದಳು.

"ಹಂಗಾದ್ರೆ ನನ್ನ ಹತ್ರ ಯಾವ ವಾಸನೆ ಇತ್ತೇ? ಮೂವತ್ತು ವರ್ಷ ನಾನು ಬಸ್ಸಲ್ಲಿ ನಿಂತ್ಕೊಂಡೇ ಬಂದೆ."

 ಇಬ್ಬರೂ ಮಗುವನ್ನು ನಡುವೆ ಹಾಕಿಕೊಂಡು ಅತ್ತರು.

ಒಂದು ವಾರ ಔಷಧಿ, ಮೂಗಿಗೆ ಉಪ್ಪುನೀರಿನ ಹನಿ. ವಾಸನೆ ಪೂರ್ತಿ ಹೋಯಿತು. ಮುಂದಿನ ಬುಧವಾರ ಬಕೆಟ್ಟಮ್ಮ ನಿಲ್ದಾಣದ ಕೆಲಸದ ಹಳದಿ ಕೋಟು ತೊಟ್ಟು ಮಗಳ ಕೈ ಹಿಡಿದು ಶಾಲೆಗೆ ಹೋದಳು. ಕೈಯಲ್ಲಿ ಪೊರಕೆ ಇರಲಿಲ್ಲ. ಆಸ್ಪತ್ರೆಯ ಚೀಟಿ ಇತ್ತು. ಹೆಡ್‌ಮೇಷ್ಟ್ರ ಮೇಜಿನ ಮೇಲೆ ಇಟ್ಟಳು. ಟೀಚರನ್ನೂ ಕರೆಸಿದರು. ನಡೆದದ್ದನ್ನೆಲ್ಲ ನಿಂತುಕೊಂಡೇ ಹೇಳಿದಳು.

"ಅಯ್ಯೋ, ಮಕ್ಕಳು ಏನೇನು ಮಾಡ್ತವಪ್ಪಾ!" ಹೆಡ್‌ಮೇಷ್ಟ್ರು ನಕ್ಕರು. "ಸದ್ಯ, ವಾಸಿ ಆಯ್ತಲ್ಲ. ಶಾಲೆ ಕುರ್ಚಿ ಕೀಳಬಾರದು ಅಂತ ಮಗುವಿಗೆ ಬುದ್ಧಿ ಹೇಳಿ."

"ಇವತ್ತಿಂದ ಒಳಗೆ ಕೂರಿಸ್ತೀರಲ್ಲ, ಸಾರ್?"

ಅವರು ಟೀಚರ್ ಕಡೆ ನೋಡಿದರು. ಟೀಚರ್ ನೆಲ ನೋಡಿದರು. "ಕೂರಿಸೋಣ. ಆದ್ರೆ ಮಕ್ಕಳ ಮನಸ್ಸಲ್ಲಿ ಒಂದು ಕೂತುಬಿಟ್ಟಿದೆ. ಅವರ ಮನೆಯೋರೂ ಕೇಳ್ತಾರೆ. ಇನ್ನೊಂದು ಸ್ವಲ್ಪ ದಿನ ಹೋಗಲಿ."

"ಹೌದು, ನಿಧಾನಕ್ಕೆ ಮಾಡೋಣ," ಎಂದರು ಹೆಡ್‌ಮೇಷ್ಟ್ರು. "ಹೇಗೂ ಬಂದಿದ್ದೀರಲ್ಲ, ಕಕ್ಕಸ್ಸು ಕಟ್ಕೊಂಡಿದೆ. ಮೇಲಕ್ಕೇ ಬಂದುಬಿಟ್ಟಿದೆ. ಮೊದಲು ಅದನ್ನ ನೋಡಿ."

ಬಕೆಟ್ಟಮ್ಮ ಚೀಟಿ ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡಳು.

"ನೋಡಲ್ಲ."

"ಏನಂದ್ರಿ?"

"ತೊಳೆಯಲ್ಲ. ಇವತ್ತೂ ಇಲ್ಲ, ನಾಳೆಯೂ ಇಲ್ಲ."

ಹೊರಗೆ ಬಂದಳು. ಅಷ್ಟರಲ್ಲಿ ಮಗು ಯಾರೂ ಹೇಳದಿದ್ದರೂ ಜಗಲಿಯ ತುದಿಗೆ ಹೋಗಿ, ಚೀಲ ಬಿಚ್ಚಿ, ಕಕ್ಕಸ್ಸಿನ ಬಾಗಿಲ ಪಕ್ಕ ಕೂತಾಗಿತ್ತು.

"ಏಳು. ಒಳಗೆ ನಡಿ."

"ಬೇಡಮ್ಮ. ಇದು ನನ್ನ ಜಾಗ."

ಬಕೆಟ್ಟಮ್ಮ ಕೂಗಾಡಲಿಲ್ಲ. ಹೋಗಿ ಕಕ್ಕಸ್ಸಿನ ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತುಬಿಟ್ಟಳು. ಕೆಳಗಿನ ಸಂದಿಯಿಂದ ಗಲೀಜು ನೀರು ಜಿನುಗಿ ಕೋಟಿನ ಅಂಚು ನೆನೆಯಿತು. ಕದಲಲಿಲ್ಲ.

ಮೊದಲು ಬಂದವರು ಇನ್ನೊಂದು ತರಗತಿಯ ಮೇಷ್ಟ್ರು. "ಸರೀರಿ." ಅವಳು ಸರಿಯಲಿಲ್ಲ. ಹೆಡ್‌ಮೇಷ್ಟ್ರು ಬಂದರು. "ಏಳ್ರಿ ಮೇಲೆ! ನಿಮ್ಮ ಸೂಪರ್‌ವೈಸರಿಗೆ ಫೋನ್ ಮಾಡ್ತೀನಿ."

"ಮಾಡಿ, ಸಾರ್. ರಜೆ ದಿನ ನಿಮ್ಮ ಬಿಟ್ಟಿ ಕೆಲಸಕ್ಕೆ ಬರೋದಿಲ್ಲ ಅಂದ್ಳು ಅಂತ ಹೇಳಿ."

ಎಳೆದು ಪಕ್ಕಕ್ಕೆ ಹಾಕಬಹುದಿತ್ತು. ಮೂವರು ಗಂಡಸರಿದ್ದರು. ಆದರೆ ಎಳೆಯಬೇಕಾದರೆ ಅವಳನ್ನು ಮುಟ್ಟಬೇಕಿತ್ತು. ಯಾರೂ ಮುಂದೆ ಬರಲಿಲ್ಲ. ಅದು ಅವಳಿಗೂ ಅರ್ಥವಾಯಿತು. ಮೊದಲ ಬಾರಿಗೆ ಅವರ ಅಸಹ್ಯ ಅವಳ ಕಡೆ ನಿಂತು ಕಾವಲು ಕಾಯುತ್ತಿತ್ತು.

ಹತ್ತು ಗಂಟೆಯಾಯಿತು. ಹನ್ನೊಂದಾಯಿತು. ಗಂಡಸರು ಕಾಂಪೌಂಡಿನ ಆಚೆ ಹೋಗಿ ಬಂದರು. ಟೀಚರಿಗೆ ಅದೂ ಸಾಧ್ಯವಿರಲಿಲ್ಲ. ಹನ್ನೆರಡರ ಹೊತ್ತಿಗೆ ತುಟಿ ಕಚ್ಚಿಕೊಂಡು, ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಒತ್ತಿಕೊಂಡು ಎದುರಿಗೆ ಬಂದು ನಿಂತರು.

"ದಯವಿಟ್ಟು ಏಳಿ, ಅಮ್ಮಾ. ನಿಮ್ಮ ಕಷ್ಟ ನನಗೆ ಗೊತ್ತಾಗುತ್ತೆ. ನಾನೂ ಹೆಂಗಸು."

"ಅವಳೂ ಹೆಣ್ಣುಮಗು, ಟೀಚರ್. ಏಳು ತಿಂಗಳು ಇಲ್ಲಿ ಕೂತಿದ್ಳು. ನೀವು ದಿನಾ ಅವಳ ಪಕ್ಕದಲ್ಲೇ ಬಾಗಿಲು ತೆಗೆದು ಒಳಗೆ ಹೋಗ್ತಿದ್ರಿ. ಒಂದು ಸಲನಾದ್ರೂ ನೋಡಿದ್ರಾ?"

ಟೀಚರ್ ಕಣ್ಣಲ್ಲಿ ನೀರು ಬಂದಿತ್ತು. ಅವಮಾನಕ್ಕೋ, ತಡೆಯಲಾರದ್ದಕ್ಕೋ.

"ಅವಳ ಕೈ ಹಿಡೀರಿ. ಕರ್ಕೊಂಡು ಹೋಗಿ ಮುಂದಿನ ಬೆಂಚಿನಲ್ಲಿ ಕೂರಿಸಿ. ನಾನು ಏಳ್ತೀನಿ."

ಟೀಚರ್ ಬಗ್ಗಿದರು. ಒಂದು ಕ್ಷಣ ಅವರ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಮಗುವಿನ ಕೈ ಹಿಡಿದರು. ಮಗು ಮೈಯೆಲ್ಲ ಬಿಗಿ ಮಾಡಿಕೊಂಡು, ತಿರುತಿರುಗಿ ತಾಯಿಯನ್ನು ನೋಡುತ್ತ ಹೋಯಿತು. ಬಕೆಟ್ಟಮ್ಮ ಎದ್ದು ಬಾಗಿಲು ಬಿಟ್ಟುಕೊಟ್ಟಳು. ತಿರುಗಿ ಬಂದ ಟೀಚರ್ ಒಳಗೆ ಒಂದು ಹೆಜ್ಜೆ ಇಟ್ಟು, ತುಂಬಿ ನಿಂತಿದ್ದ ಗಲೀಜು ನೋಡಿ, ಬಾಯಿಗೆ ಕೈ ಒತ್ತಿಕೊಂಡರು. ಬಕೆಟ್ಟಮ್ಮ ಪೊರಕೆ ಎಲ್ಲಿದೆ ಎಂದು ಬೆರಳಲ್ಲಿ ತೋರಿಸಿ ಮುಂದೆ ನಡೆದಳು.

ತರಗತಿಯ ಕಿಟಕಿಯ ಬಳಿ ಬಂದು ನಿಂತಳು. ಮುಂದಿನ ಬೆಂಚು. ಮಗಳು ಆ ತುದಿಯಲ್ಲಿ ಕೂತಿದ್ದಳು. ಈ ತುದಿಯಲ್ಲಿ ಎರಡು ಜಡೆಯ ಒಬ್ಬ ಹುಡುಗಿ. ಆ ಹುಡುಗಿ ಮೂಗು ಮುಚ್ಚಿಕೊಂಡಿರಲಿಲ್ಲ. ಸುಮ್ಮನೆ ಸ್ಲೇಟಿನ ಮೇಲೆ ಏನೋ ಗೀಚುತ್ತಿದ್ದಳು.

ಮೂಗು ಮುಚ್ಚಿಕೊಂಡಿದ್ದವಳು ಮಗಳು. ಎಡಗೈಯಿಂದ ತನ್ನ ಮೂಗು ಬಾಯಿ ಎರಡನ್ನೂ ಗಟ್ಟಿಯಾಗಿ ಒತ್ತಿ ಹಿಡಿದಿದ್ದಳು. ತನ್ನ ಉಸಿರು ಪಕ್ಕದವಳಿಗೆ ತಾಗಬಾರದು ಎಂದು. ಬಲಗೈಯಲ್ಲಿ ಬೋರ್ಡು ನೋಡಿ ಬರೆದುಕೊಳ್ಳುತ್ತಿದ್ದಳು. ಉಸಿರು ಕಟ್ಟಿದಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿ, ಕೈ ತೆಗೆದು, ಒಂದು ಉಸಿರು ಎಳೆದುಕೊಂಡು ಮತ್ತೆ ಮುಚ್ಚಿಕೊಳ್ಳುತ್ತಿದ್ದಳು.

"ಕೈ ತೆಗಿ, ಮಗಳೇ," ಬಕೆಟ್ಟಮ್ಮ ಕಿಟಕಿಯ ಸರಳು ಹಿಡಿದು ಮೆಲ್ಲಗೆ ಹೇಳಿದಳು. "ಏನೂ ಇಲ್ಲ. ಎಲ್ಲ ಹೋಗಿದೆ. ತೆಗಿಯಮ್ಮ."

ಮಗು ತಾಯಿಯನ್ನು ನೋಡಿತು. ಕೈ ತೆಗೆಯದೆಯೇ, ಆಗುವುದಿಲ್ಲ ಎಂದು ತಲೆಯಾಡಿಸಿತು.